ಕರ್ನಲ್ ಬರೆಯಲು ಹೊರಟವರು ಯಾವ ಮ್ಯಾನುಯಲ್ ನಂಬಬೇಕು?

ಗಿಲ್ಲೆಸುಗೂರಿನಿಂದ ರಾಯಚೂರಿಗೆ ಓಡಾಡಿಕೊಂಡು ಇಂಜಿನಿಯರಿಂಗ್ ಓದುವ ಹುಡುಗರಿಗೆ ಇವತ್ತು ಸ್ವಂತ ಆಪರೇಟಿಂಗ್ ಸಿಸ್ಟಂ ಬರೆದು ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪ್, ಪುಕ್ಕಟೆ ಸಿಗುವ ಕ್ಯೂಇಎಂಯು ಎಮ್ಯುಲೇಟರ್, ಜತೆಗೆ ಪ್ರೊಸೆಸರ್ ಮ್ಯಾನುಯಲ್ ಇದ್ದರೆ ಸಾಕು. ತೊಡಕು ಬರುವುದು ಆ ಮ್ಯಾನುಯಲ್‌ನಲ್ಲೇ. ಹುಡುಕಿದಾಗ ಬಹಳ ಮಂದಿಯ ಕೈಗೆ ಬರುವುದು 1986ರ ಇಂಟೆಲ್ 80386 ಮ್ಯಾನುಯಲ್. ಚಿಕ್ಕದು, ತಿಳಿಯಾಗಿ ಬರೆದದ್ದು. ಪೇಜಿಂಗ್ ಅಂದರೇನು, ರಿಂಗ್ ಅಂದರೇನು ಎಂದು ಅರ್ಥ ಮಾಡಿಕೊಳ್ಳಲು ಅದನ್ನು ಓದಿ ಎಂದೇ ನಾನು ಹೇಳುತ್ತೇನೆ. ಆದರೆ ಅದನ್ನೇ ನಂಬಿ ಕೋಡ್ ಬರೆಯುವುದು ಹಳೇ ಪಹಣಿ ನೋಡಿ ಹೊಲ ಕೊಂಡ ಹಾಗೆ.

ಒಂದು ಉದಾಹರಣೆ ನೋಡಿ. 386ರಲ್ಲಿ ಕರ್ನಲ್ ಮಟ್ಟದ ಕೋಡ್ ಯಾವ ಪೇಜಿಗೆ ಬೇಕಾದರೂ ಬರೆಯಬಹುದಿತ್ತು. ಆ ಪೇಜು ‘ಓದಲು ಮಾತ್ರ’ ಎಂದಿದ್ದರೂ ತಡೆಯಿರಲಿಲ್ಲ. 486ರಲ್ಲಿ ಸಿಆರ್0 ರಿಜಿಸ್ಟರಿಗೆ ಡಬ್ಲ್ಯುಪಿ ಎಂಬ ಬಿಟ್ ಸೇರಿತು. ಅದನ್ನು ಹಚ್ಚಿಟ್ಟರೆ ಕರ್ನಲ್ಲಿಗೂ ತಡೆ ಬೀಳುತ್ತದೆ. ಒಂದೇ ಪೇಜನ್ನು ಎರಡು ಪ್ರೋಸೆಸ್ಸುಗಳು ಹಂಚಿಕೊಂಡಿದ್ದು, ಬರೆಯುವಾಗ ಮಾತ್ರ ಪ್ರತಿ ಮಾಡಿಕೊಳ್ಳುವ ವಿಧಾನ ಈ ತಡೆಯ ಮೇಲೆ ನಿಂತಿದೆ. ವಿಳಾಸ ಅನುವಾದಗಳನ್ನು ನೆನಪಿಟ್ಟುಕೊಳ್ಳುವ ಟಿಎಲ್‌ಬಿಯಿಂದ ಒಂದೇ ಪೇಜಿನ ನಮೂದನ್ನು ಅಳಿಸುವ ಐಎನ್‌ವಿಎಲ್‌ಪಿಜಿ ಸೂಚನೆ ಬಂದದ್ದೂ 486ರಲ್ಲೇ. 1986ರ ಪುಸ್ತಕದಲ್ಲಿ ಇವೆರಡೂ ಸಿಗುವುದಿಲ್ಲ. ಲಿನಕ್ಸ್ ಹುಟ್ಟಿದ್ದೇ 386ರ ಮೇಲೆ. ಅದೇ ಲಿನಕ್ಸ್ 2012ರ ಕೊನೆಗೆ 386ಕ್ಕೆ ಬೆಂಬಲ ನಿಲ್ಲಿಸಿತು.

ಈಗಿನ ಇಂಟೆಲ್ ಮ್ಯಾನುಯಲ್ ನಾಲ್ಕು ಸಂಪುಟಗಳದ್ದು, ಸಾವಿರಾರು ಪುಟ. ಪುಕ್ಕಟೆ ಇಳಿಸಿಕೊಳ್ಳಬಹುದು, ವರ್ಷಕ್ಕೆ ಹಲವು ಸಲ ಪರಿಷ್ಕರಣೆಯಾಗುತ್ತದೆ. ಕರ್ನಲ್ ಕೆಲಸಕ್ಕೆ ಬೇಕಾದದ್ದು ಮುಖ್ಯವಾಗಿ ಮೂರನೇ ಸಂಪುಟ.

ಹೊಸದು ಕೈಯಲ್ಲಿದ್ದರೂ ಸಾಲು ಸಾಲಾಗಿ ಓದದಿದ್ದರೆ ಏನಾಗುತ್ತದೆ ಎಂಬುದು 2018ರ ಮೇ ತಿಂಗಳಲ್ಲಿ ಗೊತ್ತಾಯಿತು. ಸ್ಟ್ಯಾಕ್ ಸೆಗ್ಮೆಂಟ್ ಬದಲಿಸುವ ಎಂಒವಿ ಎಸ್ಎಸ್ ಸೂಚನೆ ಆದ ಕೂಡಲೇ ಡಿಬಗ್ ಎಕ್ಸೆಪ್ಷನ್ ಬರುವುದಿಲ್ಲ; ಮುಂದಿನ ಒಂದು ಸೂಚನೆ ಮುಗಿಯುವ ತನಕ ಪ್ರೊಸೆಸರ್ ಅದನ್ನು ತಡೆಹಿಡಿಯುತ್ತದೆ. ಆ ಮುಂದಿನ ಸೂಚನೆ ಕರ್ನಲ್ ಒಳಗೆ ಜಿಗಿಯುವ ಸಿಸ್ಟಂ ಕಾಲ್ ಆಗಿದ್ದರೆ, ಎಕ್ಸೆಪ್ಷನ್ ಎದ್ದು ನಿಲ್ಲುವುದು ಕರ್ನಲ್ಲಿನ ಮೊದಲ ಹೆಜ್ಜೆಯಲ್ಲಿ. ಅದು ಕರ್ನಲ್ಲಿನಿಂದಲೇ ಬಂತೆಂದು ಕರ್ನಲ್ ಮೋಸಹೋಗುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್, ಫ್ರೀಬಿಎಸ್‌ಡಿ ಎಲ್ಲವೂ ಒಟ್ಟಿಗೆ ತೇಪೆ ಹಾಕಿಕೊಳ್ಳಬೇಕಾಯಿತು. ದಾಖಲೆಯಲ್ಲಿದ್ದ ಮಾತನ್ನು ಬೇರೆ ಬೇರೆ ತಂಡಗಳು ಒಂದೇ ರೀತಿ ತಪ್ಪಾಗಿ ತಿಳಿದಿದ್ದವು.

ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸ ಹೊಸದು, ಅಲ್ಲಿ ಈ ಕಾಟವಿಲ್ಲ ಎಂದುಕೊಂಡರೆ ಅದೂ ಹುಸಿ. ಸ್ಟೇಟಸ್ ರಿಜಿಸ್ಟರಿನ 18ನೇ ಬಿಟ್ ಅದರ ಪ್ರಿವಿಲೆಜ್ಡ್ ದಾಖಲೆಯ 1.9 ಆವೃತ್ತಿಯಲ್ಲಿ ‘ಪಿಯುಎಂ’: 1 ಇಟ್ಟರೆ ಬಳಕೆದಾರರ ಮೆಮೊರಿಯನ್ನು ಕರ್ನಲ್ ಮುಟ್ಟುವಂತಿಲ್ಲ. 1.10ರಲ್ಲಿ ಅದೇ ಜಾಗ ‘ಎಸ್‌ಯುಎಂ’ ಆಯಿತು: 1 ಇಟ್ಟರೆ ಮುಟ್ಟಬಹುದು. ಬಿಟ್ ಅದೇ, ಅರ್ಥ ತಿರುಗಾಮುರುಗಾ. ಹಳೇ ಪಾಠ ನೋಡಿ ಬರೆದ ಕೋಡ್ ಕಂಪೈಲ್ ಆಗುತ್ತದೆ, ಓಡುವಾಗ ಪೇಜ್ ಫಾಲ್ಟ್ ಆಗಿ ಬೀಳುತ್ತದೆ. ಕಾರಣ ಮಾತ್ರ ಎಷ್ಟು ತಡಕಾಡಿದರೂ ಕಾಣುವುದಿಲ್ಲ.

ಮ್ಯಾನುಯಲ್ ಹೇಳಿದ್ದಕ್ಕೂ ಚಿಪ್ ಮಾಡುವುದಕ್ಕೂ ವ್ಯತ್ಯಾಸ ಇರುವುದುಂಟು. ಅಂಥ ದೋಷಗಳ ಪಟ್ಟಿಯನ್ನು ಇಂಟೆಲ್ ‘ಸ್ಪೆಸಿಫಿಕೇಷನ್ ಅಪ್‌ಡೇಟ್’ ಎಂಬ ಬೇರೆ ಕಡತದಲ್ಲಿ ಕೊಡುತ್ತದೆ. ನಮ್ಮ ಬೆಂಗಳೂರಿನಲ್ಲೇ ವಿನ್ಯಾಸಗೊಂಡು 2008ರ ಸೆಪ್ಟೆಂಬರಿನಲ್ಲಿ ಹೊರಬಂದ ಆರು ಕೋರುಗಳ ಕ್ಸಿಯಾನ್ 7400ಕ್ಕೂ ಅಂಥ ಪಟ್ಟಿಯಿದೆ. ಅದು ನಾಚಿಕೆಯ ವಿಷಯವಲ್ಲ, ಕಸುಬಿನ ನಿಯತ್ತು. ನಿಮ್ಮ ಚಿಪ್ಪಿನ ಪಟ್ಟಿಯನ್ನು ಮ್ಯಾನುಯಲ್ ಜತೆಗೇ ಇಳಿಸಿಟ್ಟುಕೊಳ್ಳಿ.

ಒಂದು ಸೌಲಭ್ಯ ಇದೆಯೋ ಇಲ್ಲವೋ ಎಂದು ಚಿಪ್ಪಿನ ಹೆಸರು ನೋಡಿ ಊಹಿಸಬೇಡಿ, ಸಿಪಿಯುಐಡಿ ಸೂಚನೆಯಿಂದ ಕೇಳಿ. ‘ರಿಸರ್ವ್ಡ್’ ಎಂದಿರುವ ಬಿಟ್ಟನ್ನು ಮ್ಯಾನುಯಲ್ ಹೇಳಿದಂತೆಯೇ ಉಳಿಸಿ. ಇವತ್ತು ಖಾಲಿ ಕಂಡದ್ದಕ್ಕೆ ನಾಳೆ ಅರ್ಥ ಬರುತ್ತದೆ. ಇನ್ನು, ರಿಜಿಸ್ಟರ್ ಬದಲಿಸುವ ಪ್ರತಿ ಸಾಲಿನ ಮೇಲೆ ಕಮೆಂಟ್‌ನಲ್ಲಿ ಸಂಪುಟ, ವಿಭಾಗದ ಶೀರ್ಷಿಕೆ, ಆವೃತ್ತಿಯ ತಿಂಗಳು, ವರ್ಷ ಬರೆಯಿರಿ. ಅಧ್ಯಾಯದ ಸಂಖ್ಯೆಯೊಂದನ್ನೇ ಬರೆದರೆ ಪ್ರಯೋಜನವಿಲ್ಲ, ಪರಿಷ್ಕರಣೆಯಲ್ಲಿ ಅವು ಜರುಗುತ್ತವೆ.