ಮುಳ್ಳುಬಾಲದ ಮರುಭೂಮಿವಾಸಿ

ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಬಿಸಿಲೇರಿದಂತೆ ಬಿಲದಿಂದ ತಲೆಯೊಂದು ಮೆಲ್ಲನೆ ಹೊರಚಾಚುತ್ತದೆ. ಅದೇ ಮುಳ್ಳುಬಾಲದ ಓತಿ. ಅಲ್ಲಿನವರ ಮಾತಿನಲ್ಲಿ ‘ಸಾಂಡಾ’. ಹುಳುಹುಪ್ಪಟೆಗಳನ್ನೇ ಅರಸುವ ಬಂಧುಗಳಂತಲ್ಲ ಇದು. ಬೆಳೆದ ಮೇಲೆ ಹುಲ್ಲು, ಎಲೆ, ಹೂಗಳೇ ಇದರ ಮುಖ್ಯ ಆಹಾರ. ಚಳಿಯಲ್ಲಿ ಕಪ್ಪಾಗಿರುವ ಮೈ ಬಿಸಿಲು ಕಾಯ್ದಂತೆ ತಿಳಿಯಾಗುತ್ತದೆ. ಇರುಳಿನಲ್ಲಿ ಬಿಲದ ಬಾಯಿಗೆ ಮಣ್ಣಿನ ಮುಚ್ಚಳ. ಚಳಿಗಾಲವೆಲ್ಲ ಒಳಗೇ ದೀರ್ಘನಿದ್ರೆ.

ಶತ್ರು ಬಿಲಕ್ಕೆ ಬಂದರೆ ಮುಳ್ಳಿನ ಬಾಲವನ್ನು ಬೀಸಿ ಎದುರಿಸುವ ಈ ಪ್ರಾಣಿಗೆ ಮನುಷ್ಯನೆದುರು ಮಾತ್ರ ಸೋಲು. ಇದರ ಕೊಬ್ಬಿನ ಎಣ್ಣೆ ಕೀಲುನೋವಿಗೂ ಪೌರುಷಕ್ಕೂ ದಿವ್ಯೌಷಧವೆಂದು ನಂಬಿ, ಬಿಲವನ್ನಗೆದು ಹಿಡಿದು ಕೊಲ್ಲುತ್ತಾರೆ. ಆ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದಕ್ಕೆ ರಕ್ಷಣೆಯಿತ್ತಿದ್ದರೂ ಕಳ್ಳಬೇಟೆ ನಿಂತಿಲ್ಲ. ಕೊಳ್ಳುವವರಿರುವವರೆಗೆ ಕೊಲ್ಲುವವರೂ ಇರುತ್ತಾರಲ್ಲವೇ?