ರಾಗಿಯ ಗಂಜಿಯೂ ಔಷಧದ ಲೋಳೆಯೂ

ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲು ಊರುಗಳಲ್ಲಿ ರಾಗಿಯ ಗಂಜಿಯನ್ನು ಅರಿಯದವರಿಲ್ಲ. ಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿದರೆ ಅದು ಮಂದವಾಗುವುದು, ಆರಿದಂತೆಲ್ಲ ಗಟ್ಟಿಯಾಗುವುದು. ಗಂಜಿಯು ಇನ್ನೂ ಬೆಚ್ಚಗಿರುವಾಗ, ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಯ ಹಿಟ್ಟನ್ನು ಒಂದು ಚಮಚದಷ್ಟು ಬೆರೆಸಿ ನೋಡಿರಿ. ಸ್ವಲ್ಪ ಹೊತ್ತಿನಲ್ಲಿಯೇ ಅದು ತೆಳ್ಳಗಾಗಿ ಹರಿಯತೊಡಗುವುದು. ನೀರನ್ನು ಸೇರಿಸಲಿಲ್ಲವಷ್ಟೆ, ಗಟ್ಟಿತನವೆಲ್ಲಿ ಹೋಯಿತು?

ಪಿಷ್ಟದ ಅಣುಗಳು ನೀಳವಾದ ಸರಪಳಿಗಳು. ಅವು ಒಂದರೊಡನೊಂದು ಹೆಣೆದುಕೊಂಡು, ಬಲೆಯಂತೆ ನೀರನ್ನು ಹಿಡಿದಿಡುವುವು. ಹೀಗೆ ನೀರನ್ನು ಹಿಡಿದ ಬಲೆಯೇ ಲೋಳೆ, ಅಂದರೆ ಜೆಲ್. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಆ ಸರಪಳಿಗಳನ್ನು ಕತ್ತರಿಸುವುದು. ಬಲೆ ಹರಿದು ಗಂಜಿ ನೀರಾಗುವುದು.

ವೈದ್ಯವಿಜ್ಞಾನಿಗಳು ಇಂತಹ ಬಲೆಯಲ್ಲಿ ಔಷಧವನ್ನಿಟ್ಟು ದೇಹದೊಳಕ್ಕೆ ಸೇರಿಸುವರು. ಓಟೊ ವಿಖ್ಟರ್ಲೆ ಮತ್ತು ಲಿಮ್ ಎಂಬ ಚೆಕ್ ವಿಜ್ಞಾನಿಗಳು 1960ರಲ್ಲಿ ದೇಹಕ್ಕೆ ಒಗ್ಗುವ ಲೋಳೆಯೊಂದನ್ನು ವರ್ಣಿಸಿದರು. ಆದರೆ ಅದು ತಾನಾಗಿ ಒಡೆಯುವ ಜಾತಿಯದಲ್ಲ. ಕೆಲಸ ಮುಗಿದ ಮೇಲೆ ತಾನೇ ಇಲ್ಲವಾಗುವ ಲೋಳೆ ದೊರೆತರೆ, ಅದನ್ನು ಹೊರತೆಗೆಯುವ ತೊಂದರೆಯೇ ಇರದು.

ಲೋಳೆ ಒಡೆಯುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ಗಂಜಿಯಲ್ಲಿ ಕಂಡಂತೆ ಕಿಣ್ವದಿಂದ ಆಗುವುದು: ಜೆಲಟಿನ್ ಲೋಳೆಯನ್ನು ದೇಹದ ಕಿಣ್ವಗಳೇ ಕತ್ತರಿಸುವುವು. ಎರಡನೆಯದು ಜಲವಿಭಜನೆ: ಎಸ್ಟರ್ ಕೊಂಡಿಗಳಿದ್ದರೆ ನೀರೇ ಅವನ್ನು ಮೆಲ್ಲಮೆಲ್ಲನೆ ಬಿಡಿಸುವುದು. ಮೂರನೆಯದರಲ್ಲಿ ಸರಪಳಿ ತುಂಡಾಗುವುದಿಲ್ಲ, ಗಂಟು ಮಾತ್ರ ಬಿಚ್ಚುವುದು. ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟಿನ ಸರಪಳಿಗಳನ್ನು ಕ್ಯಾಲ್ಸಿಯಂ ಬಂಧಿಸಿರುವುದು. ದೇಹದ್ರವದ ಸೋಡಿಯಂ ಅದರ ಸ್ಥಾನವನ್ನು ಹಿಡಿದಾಗ ಬಲೆ ಸಡಿಲವಾಗುವುದು.

ಈ ಒಡೆಯುವಿಕೆಯ ವೇಗದಲ್ಲಿಯೇ ರೋಗಿಯ ಕ್ಷೇಮವಡಗಿದೆ. ಬಲೆ ಬೇಗನೆ ಹರಿದರೆ ಹಲವು ದಿನಗಳ ಔಷಧವು ಒಮ್ಮೆಗೇ ಸುರಿದು ವಿಷವಾಗಬಹುದು. ತಡವಾದರೆ ಔಷಧವಿದ್ದೂ ಇಲ್ಲದಂತೆ. ಔಷಧದ ಅಣುವಿನ ಗಾತ್ರವನ್ನೂ ಗಮನಿಸಬೇಕು. ಚಿಕ್ಕ ಅಣುಗಳು ಬಲೆ ಹರಿಯುವ ಮೊದಲೇ ಕಣ್ಣುಗಳ ನಡುವೆ ನುಸುಳಿ ಹೋಗುವುವು. ದೊಡ್ಡ ಪ್ರೋಟೀನ್ ಅಣುಗಳು ಕಣ್ಣು ಅಗಲವಾಗುವ ತನಕ ಸೆರೆಯಲ್ಲಿಯೇ ಇರುವುವು. ಉಳಿದ ಚೂರುಗಳೂ ನಿರಪಾಯವಾಗಿರಬೇಕು. ಲ್ಯಾಕ್ಟಿಕ್ ಆಮ್ಲದಿಂದ ಕಟ್ಟಿದ ಭಾಗಗಳು ಒಡೆದು ಮತ್ತೆ ಆ ಆಮ್ಲವೇ ಆಗುವುವು. ಅದು ನಮ್ಮ ಸ್ನಾಯುಗಳಲ್ಲಿಯೂ ಹುಟ್ಟುವ ವಸ್ತು; ದೇಹವು ಕೊನೆಗೆ ಅದನ್ನು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಮಾರ್ಪಡಿಸಬಲ್ಲದು. ಆದರೆ ದಪ್ಪನೆಯ ತುಂಡಿನ ಒಡಲಿನಲ್ಲಿ ಆಮ್ಲವು ಕೂಡಿಬಿದ್ದರೆ, ಒಳಗಿನಿಂದಲೇ ಒಡೆಯುವಿಕೆ ತೀವ್ರವಾಗುವುದು.

2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡೆಕ್ಸ್‌ಟೆನ್ಜಾ ಇದಕ್ಕೆ ಒಳ್ಳೆಯ ನಿದರ್ಶನ. ಪಾಲಿಎಥಿಲೀನ್ ಗ್ಲೈಕಾಲಿನ ಈ ಸಣ್ಣ ಲೋಳೆಕಡ್ಡಿಯನ್ನು ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕಣ್ಣೀರು ಹರಿಯುವ ಕಿರುನಾಳದಲ್ಲಿಡುವರು. ಅದು 30 ದಿನಗಳವರೆಗೆ ಡೆಕ್ಸಾಮೆಥಸೋನ್ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟು, ತಾನೂ ನೀರಾಗಿ, ಕಣ್ಣೀರಿನ ಹಾದಿಯಲ್ಲಿಯೇ ಹೊರಟುಹೋಗುವುದು.

ಗಟ್ಟಿಯಾದ ಲೋಳೆಯನ್ನು ಮಾಡುವುದು ಕಷ್ಟವಲ್ಲ. ಅದು ತಕ್ಕ ದಿನದಲ್ಲಿ, ತಕ್ಕ ರೀತಿಯಲ್ಲಿ ಅಳಿಯುವಂತೆ ಮಾಡುವುದೇ ಜಾಣ್ಮೆ.