ಕುಕ್ಕರ್ ಇಲ್ಲದ ಮನೆ

ಪುಣೆಯ ಕೆಲಸ ಬಿಡದೆ ಮೆಕ್ಸಿಕೋದ ಕಡಲೂರು ಪೋರ್ಟೊ ಎಸ್ಕೊಂಡಿಡೊಗೆ ಬಂದಿದ್ದೇವೆ. ಪ್ರವಾಸಿಗರಿಗೆ ಇಲ್ಲಿ ಗರಿಷ್ಠ 180 ದಿನ. ರಾತ್ರಿ 10ಕ್ಕೆ ನಾನು ಲ್ಯಾಪ್‌ಟಾಪ್ ತೆರೆದರೆ ಪುಣೆಯ ಆಫೀಸಿನಲ್ಲಿ ಬೆಳಿಗ್ಗೆ 9.30, ಮಗಳು ಏಳುವಾಗ ನಾನು ಮಲಗುತ್ತೇನೆ. ಹಾಗಾಗಿ ಹಗಲಿನ ಊರು ಹೆಂಡತಿಯದು. 20 ಲೀಟರ್ ನೀರಿನ ಕ್ಯಾನ್ ತರಿಸುವುದು, ಸಂತೆ, ಹರಕುಮುರುಕು ಸ್ಪ್ಯಾನಿಷ್ ಎಲ್ಲ ಅವಳೇ. ಸಿಕತೇಲಾ ತೀರದ ದೈತ್ಯ ಅಲೆಗಳು ಸರ್ಫಿಂಗ್‌ನವರಿಗೆ ಇರಲಿ. ಮಗಳನ್ನು ಕರಿಸಲೀಯೊದ ಮೆಟ್ಟಿಲಿಳಿಸಿ ಶಾಂತ ನೀರಿಗೆ ಬಿಡುತ್ತಾಳೆ.

ಇಲ್ಲಿ ಮನೆಮನೆಯಲ್ಲೂ ಕುಡಿಯುವ ‘ಹಮೈಕಾ’ ಪಾನಕ ಹೂವಿನ ಬುಡದ ಕೆಂಪು ಎಸಳಿನದು. ಮೊದಲ ಗುಟುಕಿಗೇ, ‘ಇದು ನಮ್ಮ ಪುಂಡಿ ಹುಳಿರೀ!’ ಎಂದಳು ವಿಜಯಪುರದವಳು. ನಿಜ, ಗಿಡ ಪುಂಡಿಯ ಕುಲದ್ದೇ.

ಆದರೆ ಕುಕ್ಕರ್ ಕೊಳ್ಳಲು ಒಪ್ಪಳು. ‘ತಗೊಂಡ್ರ ಇದ ಮನಿ ಆಗತೈತ್ರಿ. ಬ್ಯಾಡ.’

ಬೇಳೆ ಇನ್ನೂ ಪಾತ್ರೆಯಲ್ಲೇ ಬೇಯುತ್ತಿದೆ, ಒಂದು ತಾಸು.